ನಿನ್ನ ಹೆಸರಿನಲ್ಲೊಂದು ಕೋಳಿ ಅಂಗಡಿ

ಮಾಸಾನ್, ಮೀನು ಮಾರುಕಟ್ಟೆಯ ಹಿಂದಿನ ಮನೆ
14 ಅಕ್ಟೋಬರ್ 2016, ಶುಕ್ರವಾರ

ನನ್ನ ಕೂಸು ಸಾನ್ಹಾನಿಗೆ,

ಹೇಗಿದ್ದೀಯೋ? ಸೇನೆಯವರು ಹೊಟ್ಟೆ ತುಂಬ ಹಾಕುತ್ತಿದ್ದಾರಾ? ಗಂಗ್ವಾನ್ ಬೆಟ್ಟದ ಕಡೆ ಬೆಳಗಿನ ಹೊತ್ತು ಆಗಲೇ ನೀರು ಹೆಪ್ಪುಗಟ್ಟುತ್ತಿದೆ ಎಂದು ಟೀವಿಯವರು ಹೇಳಿದರು. ಇಲ್ಲಿ ನಾನಿನ್ನೂ ಅರ್ಧ ತೋಳಿನ ಅಂಗಿಯಲ್ಲಿ ಹಿಟ್ಟು ನಾದುತ್ತಿದ್ದೇನೆ, ನೀನು ಅಲ್ಲಿ ಬಂದೂಕು ಹಿಡಿದು ಗಡಗಡ ನಡುಗುತ್ತಿದ್ದೀಯ. ಹಿಮ್ಮಡಿ ಒಡೆದದ್ದು ವಾಸಿಯಾಯಿತೇ? ಕಳಿಸಿದ ಮುಲಾಮು ನೀನು ಹಚ್ಚಿಕೋ, ಪಕ್ಕದ ಹಾಸಿಗೆಯವರಿಗೆಲ್ಲ ಹಂಚಿ ದಾನಶೂರನಾಗಬೇಡ. ನನ್ನ ಮಂಡಿ ಹಾಗೇ ಇದೆ, ಕೂತರೆ ಏಳುವುದಿಲ್ಲ, ಎದ್ದರೆ ಕೂರುವುದಿಲ್ಲ. ಈ ಪತ್ರದ ಜೊತೆ ಸಿಹಿ ಪರ್ಸಿಮನ್ ಹಣ್ಣಿನ ಪೆಟ್ಟಿಗೆ ಬೇರೆ ಬರುತ್ತದೆ, ಮೇಲಿನ ಸಾಲಿನವು ಮೊದಲು ತಿನ್ನು, ಕೆಳಗಿನವು ಇನ್ನೂ ಗಟ್ಟಿ. ನಾನು ಅಕ್ಷರ ಕಲಿತದ್ದು ಅರವತ್ತಮೂರನೆಯ ವಯಸ್ಸಿನಲ್ಲಿ ಎಂಬುದು ನಿನಗೆ ಗೊತ್ತೇ ಇದೆ, ತಪ್ಪಿದ್ದರೆ ಸ್ನೇಹಿತರ ಮುಂದೆ ಓದಿ ನಗಬೇಡ. ನಿಮ್ಮ ಅಧಿಕಾರಿಗಳು ಪತ್ರ ಒಡೆದು ಓದುತ್ತಾರಂತಲ್ಲ, ಓದಿದರೆ ಅವರಿಗೂ ನನ್ನ ನಮಸ್ಕಾರ.

ಇನ್ನು ವಿಷಯಕ್ಕೆ ಬರುತ್ತೇನೆ. ಹೇಸಿಗೆಯ ವಿಷಯ, ಬರೆಯುವಾಗಲೇ ಕೈ ತೊಳೆದುಕೊಳ್ಳಬೇಕು ಅನ್ನಿಸುತ್ತಿದೆ. ನಿಮ್ಮಪ್ಪ ಕರಿದ ಕೋಳಿ ಮಾರುವ ಅಂಗಡಿ ಇಡುತ್ತಾನಂತೆ. ಇಡಲಿ. ಆದರೆ ನಿನ್ನ ಹೆಸರಿನಲ್ಲಿ ಇಡುತ್ತಾನಂತೆ. ಅವನು ಕೆಲಸ ಬಿಟ್ಟು ಮನೆಯಲ್ಲಿರುವುದಕ್ಕೆ ಸರಕಾರ ನಿರುದ್ಯೋಗ ಭತ್ಯೆ ಕೊಡುತ್ತಿದೆ, ತನ್ನ ಹೆಸರಿನಲ್ಲಿ ಅಂಗಡಿ ನೋಂದಾಯಿಸಿದರೆ ಅದು ಅವತ್ತೇ ನಿಲ್ಲುತ್ತದೆ. ನಿಮ್ಮಮ್ಮ ಸರಕಾರಿ ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಾಳೆ, ಅವಳ ಹೆಸರಿನಲ್ಲಿ ಇನ್ನೊಂದು ವ್ಯಾಪಾರ ಇರಕೂಡದು. ಉಳಿದವನು ನೀನು. ಬರುವ ಇಪ್ಪತ್ತಮೂರನೇ ತಾರೀಕು ಭಾನುವಾರ ಅಪ್ಪ ಅಮ್ಮ ನಿನ್ನನ್ನು ನೋಡಲು ಬರುತ್ತಾರಲ್ಲ, ಆಗ ಒಂದು ಕಾಗದ ತರುತ್ತಾನೆ, ರುಜು ಹಾಕು ಎನ್ನುತ್ತಾನೆ. ಸೋಮವಾರ ಅದನ್ನು ತೆಗೆದುಕೊಂಡು ಹೋಗಿ ಬಾಡಿಗೆ ಕರಾರು ಮಾಡಿ, ತೆರಿಗೆ ಕಚೇರಿಯಲ್ಲಿ ನಿನ್ನನ್ನು ಅಂಗಡಿಯ ಯಜಮಾನನನ್ನಾಗಿ ಬರೆಸುತ್ತಾನೆ. ಫೋನಿನಲ್ಲಿ ಹೇಳೋಣವೆಂದರೆ ನೀನು ಕ್ಯಾಂಪಿನಿಂದ ಮಾಡಿದಾಗಲೆಲ್ಲ ಅವನು ಪಕ್ಕದಲ್ಲೇ ಕೂತಿರುತ್ತಾನೆ. ಅದಕ್ಕೇ ಈ ಪತ್ರ.

ಮಾರುಕಟ್ಟೆಯಲ್ಲಿ ನನ್ನ ಬಳಿ ನೂಡಲ್ಸ್ ತಿನ್ನಲು ಬರುವವರಲ್ಲಿ ಒಬ್ಬ ನಿವೃತ್ತ ಹವಾಲ್ದಾರನಿದ್ದಾನೆ. ಬೇರೆ ಯಾರದೋ ಕಥೆ ಎಂಬಂತೆ ಅವನನ್ನು ಕೇಳಿದೆ. ಬಾಯಲ್ಲಿದ್ದ ನೂಡಲ್ಸ್ ಹೊರಗೆ ಬರುವಷ್ಟು ನಕ್ಕ. "ಅಜ್ಜೀ, ಕಡ್ಡಾಯ ಸೇವೆಗೆ ಹೋದವನಾದ್ರೂ ಸೈನಿಕ ವ್ಯಾಪಾರ ಮಾಡೋ ಹಾಗಿಲ್ಲ. ಸಿಕ್ಕಿಬಿದ್ರೆ ಲಾಕಪ್ಪು. ಅಲ್ಲಿದ್ದಷ್ಟು ದಿನ ಮನೆಗೆ ಹೋಗೋದು ಮುಂದಕ್ಕೆ ಹೋಗತ್ತೆ. ಆಮೇಲೆ ಆ ಕಪ್ಪು ಚುಕ್ಕೆ ಹೋಗಲ್ಲ, ಎಲ್ಲೂ ನೌಕರಿಗೆ ಅಂತ ಅರ್ಜಿ ಹಾಕ್ಬೇಡ ಅನ್ನಿ ಅವನಿಗೆ" ಅಂದ. ನಾನೂ ನಕ್ಕೆ. ಅವನು ಹೋದ ಮೇಲೆ ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಇದನ್ನು ನಿಮ್ಮಪ್ಪನಿಗೆ ಹೇಳಿದ್ದಕ್ಕೆ ಅವನಂದದ್ದು ಕೇಳು: "ಯಾರಮ್ಮಾ ನೋಡ್ತಾರೆ? ಐದು ತಿಂಗಳಲ್ಲಿ ಬರ್ತಾನೆ ಅವನು. ಎಲ್ರೂ ಹೀಗೇ ಮಾಡೋದು." ಎಲ್ಲರೂ! ಈ ಎಲ್ಲರೂ ಎಂಬುವರು ಎಲ್ಲಿರುತ್ತಾರೋ ನನಗೆ ಗೊತ್ತಿಲ್ಲ, ಸಿಕ್ಕಿದರೆ ಕೆನ್ನೆಗೆ ಬಾರಿಸುತ್ತೇನೆ. ನಮ್ಮ ಬಸ್ ನಿಲ್ದಾಣದಿಂದ ಮನೆಯವರೆಗೆ ಹನ್ನೊಂದು ಕೋಳಿ ಅಂಗಡಿ ಇವೆ ಸಾನ್ಹಾ. ನೀನು ಹೋದಾಗ ಎಂಟಿದ್ದವು. ಬೀಗ ಹಾಕಿದವನ್ನು ಲೆಕ್ಕಕ್ಕೆ ಹಿಡಿದಿಲ್ಲ. ಒಂದು ಮುಚ್ಚುತ್ತದೆ, ಅದೇ ಜಾಗದಲ್ಲಿ ಬೇರೆ ಬಣ್ಣದ ಬೋರ್ಡು ಏರುತ್ತದೆ, ಒಳಗೆ ಅದೇ ಬಾಣಲೆ, ಅದರ ಮುಂದೆ ಅದೇ ವಯಸ್ಸಿನ ಇನ್ನೊಬ್ಬ ಗಂಡಸು. ಎಲ್ಲರೂ ಐವತ್ತರ ಆಸುಪಾಸಿನವರು, ಎಲ್ಲರೂ ಟೈ ಕಟ್ಟಿ ಕೆಲಸಕ್ಕೆ ಹೋಗುತ್ತಿದ್ದವರು.

ಹೋದ ತಿಂಗಳು ನಿಮ್ಮಪ್ಪ ನನ್ನನ್ನು ಚಾಂಗ್ವಾನ್‌ನ ಒಂದು ಹೋಟೆಲಿಗೆ ಕರೆದುಕೊಂಡು ಹೋದ. ಕೋಳಿ ಕಂಪನಿಯವರ ಸಭೆ. ಬೋರ್ಡು ಅವರದು, ಮಸಾಲೆ ಅವರದು, ಕೋಳಿಯೂ ಅವರದೇ, ಬೆಂಕಿಯ ಮುಂದೆ ನಿಲ್ಲುವ ಮೈ ಮಾತ್ರ ನಮ್ಮದು, ಅಂಥ ಕಂಪನಿ. ಬಂದವರಿಗೆಲ್ಲ ಒಂದು ಟವೆಲು, ಒಂದು ಕಟ್ಟು ತಿನ್ನುವ ಕಡಲಪಾಚಿ ಹಾಳೆ. ಹಾಲ್ ತುಂಬ ಗಂಡಸರು, ಎಲ್ಲರೂ ಬೆಟ್ಟ ಹತ್ತಲು ಹೊರಟವರ ಹಾಗೆ ಕೆಂಪು ಹಸಿರು ಜಾಕೆಟ್ ಹಾಕಿದ್ದರು, ಹತ್ತುವ ಬೆಟ್ಟ ಮಾತ್ರ ಯಾವುದೂ ಇರಲಿಲ್ಲ. ಕೂದಲಿಗೆ ಎಣ್ಣೆ ಬಳಿದುಕೊಂಡ ಒಬ್ಬ ಹುಡುಗ ವೇದಿಕೆ ಹತ್ತಿದ, ನಿನಗಿಂತ ಐದಾರು ವರ್ಷ ದೊಡ್ಡವನಿರಬೇಕು. "ಯಜಮಾನರೇ!" ಎಂದು ಕೂಗಿದ. ಯಾರನ್ನಪ್ಪಾ ಕರೆಯುತ್ತಿದ್ದಾನೆ ಎಂದು ಹಿಂದೆ ತಿರುಗಿ ನೋಡಿದೆ, ಎಲ್ಲರನ್ನೂ ಕರೆಯುತ್ತಿದ್ದ. "ಇಷ್ಟು ವರ್ಷ ನೀವು ಬೇರೆಯವರ ಕನಸಿಗೆ ದುಡಿದ್ರಿ. ಇನ್ಮೇಲೆ ನಿಮ್ಮ ಕನಸಿಗೆ! ಎಲ್ರೂ ಎದ್ದು ನಿಂತು ಹೇಳಿ, ನಾನೇ ಯಜಮಾನ!" ಅಂದ. ಎದ್ದರು ಕಣೋ. ನರೆತ ಕೂದಲಿನವರು, ಮಕ್ಕಳನ್ನು ಕಾಲೇಜಿಗೆ ಕಳಿಸಿದವರು ಎದ್ದು ನಿಂತು ಮುಷ್ಟಿ ಎತ್ತಿ ನಾನೇ ಯಜಮಾನ, ನಾನೇ ಯಜಮಾನ ಎಂದು ಮೂರು ಸಲ ಕೂಗಿದರು. ನಿಮ್ಮಪ್ಪನೂ ಕೂಗಿದ. ಅವನ ಕತ್ತಿನ ನರ ಉಬ್ಬಿತ್ತು.

ನಾನು ಸುಮ್ಮನಿರುವವಳೇ? ಕೈ ಎತ್ತಿದೆ. "ಅಪ್ಪಾ ಮಗೂ, ಹೋದ ವರ್ಷ ಇದೇ ಹಾಲ್‌ನಲ್ಲಿ ಕೂಗಿದವರಲ್ಲಿ ಎಷ್ಟು ಜನ ಇನ್ನೂ ಅಂಗಡಿ ತೆಗೀತಿದಾರೆ?" ಎಂದು ಕೇಳಿದೆ. ಅವನು ಒಂದು ಚೂರೂ ಅಳುಕಲಿಲ್ಲ. "ಅಜ್ಜಿ ಎಷ್ಟು ಚುರುಕಾಗಿದಾರೆ ನೋಡಿ! ಚಪ್ಪಾಳೆ!" ಅಂದ. ಚಪ್ಪಾಳೆ ಬಿತ್ತು, ನನಗೆ ಇನ್ನೊಂದು ಟವೆಲು ಬಂತು. ಅಪ್ಪ ನನ್ನ ತೋಳು ಹಿಡಿದೆಳೆದು "ಅಮ್ಮಾ, ಕೂತ್ಕೊಳ್ಳೇ, ಮಾನ ಕಳೀಬೇಡ" ಎಂದು ಪಿಸುಗುಟ್ಟಿದ. ಮಾನದ ಮಾತು! ಆ ಟವೆಲಿನಲ್ಲಿ ಈಗ ಅಡುಗೆಮನೆಯ ನೆಲ ಒರೆಸುತ್ತಿದ್ದೇನೆ.

ಇವನು ಯಾಕೆ ಹೀಗಾದ ಎಂದು ತಿಳಿಯಲು ಪ್ಯೋನ ಅಂಗಡಿಗೆ ಹೋದೆ. ನಿನಗೆ ನೆನಪಿರಬೇಕು, ನಿಮ್ಮಪ್ಪನ ಕಂಪನಿಯಲ್ಲೇ ಇದ್ದವನು, ನೀನು ಚಿಕ್ಕವನಿದ್ದಾಗ ನಿನಗೆ ಸೈಕಲ್ ಕಲಿಸಿದ ಮಾಮ. ಮೂರು ವರ್ಷದ ಹಿಂದೆ ಕೋಳಿ ಅಂಗಡಿ ಇಟ್ಟ. ನಾನು ಹೋದಾಗ ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತು, ಬಾಣಲೆ ಉಜ್ಜುತ್ತಿದ್ದ. ಕೋಳಿ ಕಂಪನಿಯಿಂದ ತಪಾಸಣೆಗೆ ಬಂದ ಒಂದು ಹುಡುಗಿ ಎಣ್ಣೆಯ ಬಣ್ಣವನ್ನು ಒಂದು ಕಾಗದದ ಪಟ್ಟಿಯ ಜೊತೆ ಹೋಲಿಸಿ ನೋಡುತ್ತ, "ಯಜಮಾನರೇ, ಇದು ಎರಡನೇ ಸಲ, ಇನ್ನೊಂದು ಸಲ ಆದ್ರೆ ನೋಟಿಸು ಕೊಡ್ತೀವಿ" ಎಂದು ಗದರುತ್ತಿದ್ದಳು. ಪ್ಯೋ ಸೊಂಟದವರೆಗೆ ಬಗ್ಗಿ ತಪ್ಪಾಯಿತು ಅಂದ. ಅವಳು ಹೋದ ಮೇಲೆ "ಯಾಕಪ್ಪಾ ಈ ಕೆಲಸಕ್ಕೆ ಬಂದೆ?" ಎಂದು ಕೇಳಿದೆ. "ಯಾರ ಕೈಕೆಳಗೂ ಇರ್ಬಾರ್ದು ಅಂತ ಬಂದೆ ಅಮ್ಮಾ" ಎಂದು ನಕ್ಕ. ಅವನ ಎರಡು ಮುಂಗೈ ಮೇಲೆಯೂ ಎಣ್ಣೆ ಸಿಡಿದ ಕಲೆ. ನನ್ನ ಮುಖ ನೋಡಿ ನಗು ನಿಲ್ಲಿಸಿದ.

ಆಮೇಲೆ ಅವನೇ ಬಾಯಿ ಬಿಟ್ಟ. ನಿಮ್ಮಪ್ಪ ಇವನೊಬ್ಬನಿಗೆ ಹೇಳಿಕೊಂಡದ್ದು, ಮನೆಯಲ್ಲಿ ಯಾರಿಗೂ ಹೇಳಿಲ್ಲ, ನಿಮ್ಮಮ್ಮನಿಗೂ. "ನಿಮ್ಮ ಮಗ ಮುನ್‌ಗಿಲ್ ಕೆಲ್ಸ ತಾನಾಗೇ ಬಿಟ್ಟ ಅಂದ್ಕೊಂಡ್ರಾ ಅಮ್ಮಾ?" ಎಂದು ಕೇಳಿದ. ಏಪ್ರಿಲ್‌ನಲ್ಲಿ ಕಂಪನಿಯವರು ಐವತ್ತು ದಾಟಿದವರನ್ನು ಕರೆದು ಸ್ವಇಚ್ಛೆಯ ನಿವೃತ್ತಿ ಎಂಬ ಕಾಗದ ಮುಂದಿಟ್ಟರಂತೆ. ಅಪ್ಪ ರುಜು ಹಾಕಲಿಲ್ಲ. ಮಾರನೇ ದಿನ ಅವನ ಮೇಜನ್ನು ಹೊತ್ತುಕೊಂಡು ಹೋಗಿ ಕಚೇರಿಯ ಕಾರಿಡಾರಿನ ಕೊನೆಯಲ್ಲಿ, ಲಾಕರುಗಳ ಪಕ್ಕ, ಗೋಡೆಗೆ ಮುಖ ಮಾಡಿ ಹಾಕಿದರಂತೆ. ಕೆಲಸವಿಲ್ಲ, ಕಂಪ್ಯೂಟರ್ ಇಲ್ಲ, ಫೋನ್ ಇಲ್ಲ. ಬೆಳಗಿನಿಂದ ಸಂಜೆಯವರೆಗೆ ಗೋಡೆ ನೋಡುತ್ತ ಕೂರಬೇಕು. ಪಾಯಿಖಾನೆಗೆ ಹೋದರೆ ಎಷ್ಟು ಹೊತ್ತು ಎಂದು ಬರೆದು ಕೊಡಬೇಕು. ಅವನೇ ಕೆಲಸ ಕಲಿಸಿ ದೊಡ್ಡವರನ್ನಾಗಿ ಮಾಡಿದ ಹುಡುಗರು ಹಿಂದಿನಿಂದ ಹಾದುಹೋಗುವಾಗ ಕೆಮ್ಮಿ ಮುಖ ತಿರುಗಿಸುತ್ತಿದ್ದರಂತೆ. ಮೂರು ತಿಂಗಳು ಕೂತ. ದಿನಾ ಬೆಳಿಗ್ಗೆ ಟೈ ಕಟ್ಟಿ, ನನಗೆ ಹೋಗಿ ಬರ್ತೀನಮ್ಮಾ ಎಂದು ಹೇಳಿ, ಗೋಡೆ ನೋಡಲು ಹೋದ. ಜುಲೈನಲ್ಲಿ ರುಜು ಹಾಕಿದ. ಥೂ! ಒಬ್ಬ ಮನುಷ್ಯನನ್ನು ನಾಯಿಗಿಂತ ಕಡೆಯಾಗಿ ಮೂಲೆಗೆ ಕಟ್ಟಿ, ಆಮೇಲೆ ಅವನ ಕೈಯಲ್ಲೇ ನನ್ನ ಇಷ್ಟದಿಂದ ಹೋಗುತ್ತಿದ್ದೇನೆ ಎಂದು ಬರೆಸಿಕೊಂಡರಲ್ಲ, ಅವರ ವಂಶಕ್ಕೆ ಹುಳ ಬೀಳ.

ಇದಾದ ನಾಲ್ಕೇ ದಿನಕ್ಕೆ, ಬೆಂದ ಹುಣ್ಣಿಗೆ ಉಪ್ಪು ಸವರಿದ ಹಾಗೆ, ಸಮೀಕ್ಷೆಯ ಹುಡುಗಿಯೊಬ್ಬಳು ನನ್ನ ನೂಡಲ್ಸ್ ಪಾತ್ರೆಯ ಮುಂದೆ ಬಂದು ನಿಂತಳು. ಪಾಪ, ಒಳ್ಳೆಯ ಹುಡುಗಿ, ಬೆವರಿ ಹೋಗಿದ್ದಳು. ಈ ದೇಶದಲ್ಲಿ ದುಡಿಯುವ ನಾಲ್ವರಲ್ಲಿ ಒಬ್ಬರು ಸ್ವಂತ ಉದ್ಯೋಗದವರಂತೆ, ಅವರು ಅದನ್ನು ಯಾಕೆ ಆರಿಸಿಕೊಂಡರು ಎಂದು ಕೇಳಿ ಬರೆದುಕೊಳ್ಳುತ್ತಾಳಂತೆ. "ಅಜ್ಜೀ, ನಿಮ್ಮ ಕಾರಣ ಯಾವ್ದು? ನಿಮ್ಗೆ ನೀವೇ ಯಜಮಾನರಾಗಿರ್ಬೇಕು ಅಂತಾನಾ, ಬೇಕಾದ ಹೊತ್ತಲ್ಲಿ ಕೆಲ್ಸ ಮಾಡ್ಬಹುದು ಅಂತಾನಾ, ಸಂಪಾದನೆ ಜಾಸ್ತಿ ಅಂತಾನಾ?" ಎಂದು ಓದಿದಳು. ಬಿಸಿ ಸಾರಿನ ಸೌಟು ನನ್ನ ಕೈಯಲ್ಲಿತ್ತು, ಎರಚಲಿಲ್ಲ, ಅವಳ ಪುಣ್ಯ. ನಾನಂದೆ, "ಬರ್ಕೋ ಮಗಳೇ. ನಾನು ಬಟ್ಟೆ ಗಿರಣಿಯಲ್ಲಿ ನೂಲ್ತಾ ಇದ್ದೆ. ಹೊಟ್ಟೆ ಕಾಣಿಸ್ದಾಗ ಮೇಸ್ತ್ರಿ ಗೇಟಿನಿಂದ ಹೊರಗೆ ಹಾಕ್ದ. ಹೊಟ್ಟೇಲಿದ್ದ ಮಗು ಹುಟ್ಟಿ ನಲವತ್ತನೇ ದಿನಕ್ಕೆ ಇದೇ ಜಾಗದಲ್ಲಿ ಒಲೆ ಹೂಡ್ದೆ. ಐವತ್ತೆರಡು ವರ್ಷ ಆಯ್ತು. ಇದರಲ್ಲಿ ಆರಿಸಿಕೊಂಡಿದ್ದು ಎಲ್ಲಿದೆ ನೀನೇ ಹುಡುಕಿ ಕೊಡು." ಅವಳು ಕಾಗದ ಮೇಲೆ ಕೆಳಗೆ ನೋಡಿ, "ಇತರೆ ಅಂತ ಹಾಕ್ಕೊಳ್ಲಾ ಅಜ್ಜೀ?" ಅಂದಳು. ಹಾಕಿಕೋ ಅಂದೆ. ಒಂದು ಬಟ್ಟಲು ನೂಡಲ್ಸ್ ಕೊಟ್ಟು ಕಳಿಸಿದೆ.

ಆ ಹೊಟ್ಟೆಯಲ್ಲಿದ್ದವನೇ ನಿಮ್ಮಪ್ಪ. ಇವನಾದರೂ ಬಿಸಿಲು ಮಳೆಯಲ್ಲಿ ಕೂರದೆ, ಸೂರಿನ ಕೆಳಗೆ ಕೂತು ಸಂಬಳ ಎಣಿಸಲಿ ಎಂದು ನಾನು ಓದಿಸಿದೆ. ಕಂಪನಿಯ ಬಿಲ್ಲೆ ಎದೆಗೆ ಹಾಕಿಕೊಂಡು ಬಂದ ದಿನ ಇಡೀ ಮಾರುಕಟ್ಟೆಗೆ ಅಕ್ಕಿ ಕಡುಬು ಹಂಚಿದ್ದೆ, ಆ ನಾಚಿಕೆಗೇಡಿ ಸಂತೋಷ ನೆನೆದರೆ ಈಗ ಮೈಯೆಲ್ಲ ಉರಿಯುತ್ತದೆ. ನನ್ನನ್ನು ಬಸುರಿ ಎಂದು ಹೊರಗೆ ಹಾಕಿದರು, ಅವನನ್ನು ವಯಸ್ಸಾಯಿತು ಎಂದು ಹಾಕಿದರು. ನನಗೆ ಆಗ ಯಾರೂ ಯಜಮಾನಿ ಎಂದು ಹೆಸರಿಟ್ಟು ಚಪ್ಪಾಳೆ ಹೊಡೆಯಲಿಲ್ಲ, ಅಷ್ಟಾದರೂ ಮರ್ಯಾದೆ ಇತ್ತು ಆ ಕಾಲಕ್ಕೆ.

ನನಗೆ ಹೇಸಿಗೆ ಅವನ ಮೇಲೆ ಅಂದುಕೊಳ್ಳಬೇಡ. ಅವನ ಮೇಲೂ ಇದೆ, ಸುಳ್ಳು ಯಾಕೆ ಹೇಳಲಿ, ನಿನ್ನ ಹೆಸರಿಗೆ ಕೈ ಹಾಕಿದ್ದಕ್ಕೆ. ಹೆತ್ತ ಮಗನ ಹೆಸರನ್ನು ಛತ್ರಿಯ ಹಾಗೆ ಎರವಲು ತರಬಹುದು ಅಂದುಕೊಂಡಿದ್ದಾನೆ. ಬೇಡ ಕಣೋ, ಮನೆಯಲ್ಲೇ ಇರು, ನಾನಿದ್ದೇನೆ, ನಿನ್ನ ಹೆಂಡತಿ ಇದ್ದಾಳೆ ಎಂದು ಅವನಿಗೆ ಹೇಳಿ ನೋಡಿದೆ. ಮನೆಯಲ್ಲಿ ಅವನು ಹೇಗಿದ್ದಾನೆ ಗೊತ್ತಾ? ಊಟಕ್ಕೆ ಕೂರುವಾಗ ಚಿಕ್ಕ ಮೇಜನ್ನು ಫ್ರಿಜ್ಜಿನ ಪಕ್ಕ ಎಳೆದುಕೊಂಡು ಗೋಡೆಗೆ ಮುಖ ಮಾಡಿ ಕೂರುತ್ತಾನೆ. ಅವನಿಗೇ ಗೊತ್ತಾಗುವುದಿಲ್ಲ. ನಿಮ್ಮಮ್ಮ ದಿನಾ ಮೇಜನ್ನು ನಮ್ಮ ಕಡೆಗೆ ತಿರುಗಿಸುತ್ತಾಳೆ, ಮಾರನೇ ದಿನ ಮತ್ತೆ ಅಲ್ಲೇ ಇರುತ್ತದೆ. ಕೋಳಿ ಅಂಗಡಿಯ ಮಾತು ಬಂದಾಗ ಮಾತ್ರ ಅವನ ಮುಖ ನಮ್ಮ ಕಡೆ ತಿರುಗುತ್ತದೆ. ಒಂಬತ್ತು ದಿನದಿಂದ ಮನೆಯಲ್ಲೇ ಕೋಳಿ ಕರಿದು ಕರಿದು ಅಭ್ಯಾಸ ಮಾಡುತ್ತಿದ್ದಾನೆ. ಪರದೆ, ಹಾಸಿಗೆ, ನನ್ನ ಕೂದಲು ಎಲ್ಲ ಕಮಟು ವಾಸನೆ. ನಿನ್ನೆ ಮೊನ್ನೆ ಕನ್ನಡಿಯ ಮುಂದೆ ನಿಂತು ಬನ್ನಿ ಬನ್ನಿ ಎಂದು ಬಗ್ಗುತ್ತಿದ್ದ, ನಾನು ಕಂಡದ್ದು ಅವನಿಗೆ ಗೊತ್ತಾಗಲಿಲ್ಲ. ಇಂಥವನಿಗೆ ಅಂಗಡಿ ಬೇಡವೇ ಬೇಡ ಎಂದು ಹೇಳುವ ಗಟ್ಟಿಗಿತ್ತಿ ನಾನಲ್ಲ, ಬೈಯುವುದಷ್ಟೇ ನನಗೆ ಬರುವುದು.

ಹೋದ ಪತ್ರದಲ್ಲಿ ನೀನು ಬರೆದಿದ್ದೆಯಲ್ಲ, ಸೇನೆಯಿಂದ ಬಿಡುಗಡೆಯಾದ ಮೇಲೆ ಯಾವ ಕಂಪನಿಗೂ ಹೋಗುವುದಿಲ್ಲ ಅಜ್ಜಿ, ನನ್ನದೇ ಏನಾದರೂ ಮಾಡುತ್ತೇನೆ ಎಂದು. ಅದನ್ನು ಓದಿ ಎರಡು ದಿನ ನಿನ್ನ ಮೇಲೂ ಸಿಟ್ಟಿತ್ತು. ಈಗ ಇಲ್ಲ. ಮಾಡಬೇಕೆನಿಸಿದರೆ ಮಾಡು, ಬೇಡವೆನಿಸಿದರೆ ನೌಕರಿ ಹುಡುಕು, ಆದರೆ ಎರಡಕ್ಕೂ ನಿನ್ನ ಹೆಸರು ನಿನ್ನ ಕೈಯಲ್ಲಿರಬೇಕು. ಇಪ್ಪತ್ತೊಂದು ವರ್ಷಕ್ಕೆ ನಿನ್ನ ಬಳಿ ಬೇರೆ ಆಸ್ತಿ ಏನಿದೆ ಹೇಳು. ಅಪ್ಪ ಬಂದಾಗ ಅವನಿಗೆ ಎದುರು ಮಾತಾಡಬೇಡ, ಗೋಡೆಯ ವಿಷಯ ಗೊತ್ತು ಎಂದು ಅಪ್ಪಿತಪ್ಪಿಯೂ ಬಾಯಿ ಬಿಡಬೇಡ. ಅವನಾಗಿ ಹೇಳುವ ದಿನ ಹೇಳಲಿ.

ಹೊಟ್ಟೆಗೆ ಚೆನ್ನಾಗಿ ತಿನ್ನು. ಕಾಲುಚೀಲ ಒದ್ದೆಯಾದರೆ ತಕ್ಷಣ ಬದಲಾಯಿಸು. ನಿನ್ನ ಜೊತೆಯ ಹುಡುಗರಿಗೆಲ್ಲ ಈ ಮುದುಕಿಯ ಆಶೀರ್ವಾದ, ಅವರ ಅಜ್ಜಿಯರೂ ಸುಖವಾಗಿರಲಿ. ನೀನು ಹೋದ ಹಾಗೇ ಗಟ್ಟಿಮುಟ್ಟಾಗಿ ಮನೆಗೆ ಬಾ, ನೂರು ಕಾಲ ಬಾಳು.

ನಿನ್ನ ಅಜ್ಜಿ,
ಬೆ ಜೊಮ್‌ಸುನ್

ಮರೆತ ಮಾತು: ಅಂಚೆಯವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಮರೆತದ್ದಲ್ಲ, ಬರೆಯಲು ನಾಚಿಕೆಯಾಗಿ ಕೊನೆಗೆ ಇಟ್ಟದ್ದು. ಯಾವ ಕಾಗದಕ್ಕೂ ರುಜು ಹಾಕಬೇಡ, ಅದರ ಅಗತ್ಯ ಇನ್ನಿಲ್ಲ. ನಿನ್ನೆ ರುಜುವಿನ ಬದಲು ಒತ್ತುವ ನನ್ನ ಹೆಸರಿನ ಮೊಹರು ತೆಗೆದುಕೊಂಡು ಹೋಗಿ ಬಾಡಿಗೆ ಕರಾರಿಗೆ ನಾನೇ ಒತ್ತಿದೆ. ಅಲ್ಲಿಂದ ತೆರಿಗೆ ಕಚೇರಿಗೆ ಹೋಗಿ ಅಂಗಡಿಯನ್ನು ನನ್ನ ಹೆಸರಿಗೆ ಬರೆಸಿದೆ. ಕೋಳಿ ಕಂಪನಿಗೂ ಫೋನ್ ಮಾಡಿಸಿದೆ, ಎಪ್ಪತ್ತನಾಲ್ಕು ವಯಸ್ಸು ಎಂದರೂ ಆ ಕಡೆಯವನಿಗೆ ಏನೂ ಅನ್ನಿಸಲಿಲ್ಲ, ಅಭಿನಂದನೆಗಳು ಯಜಮಾನರೇ ಅಂದ. ಮಾರುಕಟ್ಟೆಯ ನನ್ನ ಜಾಗವನ್ನು ಪಕ್ಕದ ಸೊಪ್ಪಿನವಳಿಗೆ ಬಿಟ್ಟುಕೊಟ್ಟೆ, ಬಾಣಲೆಯ ಮುಂದೆ ನಾನೇ ನಿಲ್ಲಬೇಕಲ್ಲ. ನಿಮ್ಮಪ್ಪ ಅಲ್ಲೇ ಕೂತು ಕೋಳಿಯ ಜೊತೆ ಕೊಡುವ ಮೂಲಂಗಿ ಹೆಚ್ಚಲಿ. ತಪ್ಪು ಎಂದು ಯಾರಾದರೂ ಬಂದರೆ ನನ್ನನ್ನು ಹಿಡಿದುಕೊಂಡು ಹೋಗಲಿ. ಅಂಗಡಿ ಮುಳುಗಿದರೆ ಕೆಟ್ಟ ಹೆಸರು ನನ್ನ ಜೊತೆ ಮಣ್ಣಿಗೆ ಹೋಗುತ್ತದೆ, ನಿನ್ನ ಹೆಸರು ಇನ್ನೂ ಅರವತ್ತು ವರ್ಷ ಬಾಳಬೇಕು. ಅವನಿಗೆ ಇದಿನ್ನೂ ಗೊತ್ತಿಲ್ಲ. ಮನೆಯಲ್ಲಿ ಹೇಳಲು ಬಾಯಿ ಬರಲಿಲ್ಲ, ನೀನೇ ಹೇಳಬೇಕು. ಭಾನುವಾರ ತಾನೇ ಕರಿದ ಕೋಳಿ ಕಟ್ಟಿಕೊಂಡು ಬರುತ್ತಾನೆ, ನಿನ್ನ ಜೊತೆ ಕೂತು ತಿನ್ನಬೇಕೆಂದು ಆಸೆ ಅವನಿಗೆ. ತಿಂದು ಮುಗಿದ ಮೇಲೆ ಹೇಳು. ಮೊದಲೇ ಹೇಳಿದರೆ ಅವನು ತಿನ್ನುವುದಿಲ್ಲ.